ಆದಾಯ ತೆರಿಗೆ ತೆಗೆದು ಬರೀ ಜಿಎಸ್‌ಟಿ ಇಟ್ಟರೆ ಆಗಲ್ವಾ?

‘ಸಂಬಳದಲ್ಲಿ ಟ್ಯಾಕ್ಸ್ ಹಿಡಿಯುವುದನ್ನು ನಿಲ್ಲಿಸಿ ಜಿಎಸ್‌ಟಿಯೊಂದನ್ನೇ ಇಟ್ಟರೆ ಎಲ್ಲರೂ ಕಟ್ಟಿದ ಹಾಗಾಗುತ್ತದಲ್ವಾ?’ ಅಂತ ಕೇಳಿದ್ದೀರಿ. ನಾನೂ ಸಂಬಳದವನೇ, ಸಿಟ್ಟು ಅರ್ಥವಾಗುತ್ತದೆ. ಆದರೂ ನಾನು ಒಪ್ಪುವುದಿಲ್ಲ.

ಮೊದಲು ಲೆಕ್ಕ ನೋಡಿ. 2024-25ರಲ್ಲಿ ಜಿಎಸ್‌ಟಿಯಿಂದ ಬಂದದ್ದು 22 ಲಕ್ಷ ಕೋಟಿ ರೂಪಾಯಿ ಚಿಲ್ಲರೆ. ವ್ಯಕ್ತಿಗಳ ಆದಾಯ ತೆರಿಗೆ ಅದರ ಅರ್ಧಕ್ಕಿಂತ ತುಸು ಜಾಸ್ತಿ. ಅಷ್ಟನ್ನು ಬಿಟ್ಟುಕೊಟ್ಟರೆ ಜಿಎಸ್‌ಟಿ ದರ ಹೆಚ್ಚುಕಡಿಮೆ ಒಂದೂವರೆ ಪಟ್ಟು ಏರಬೇಕು. ನೂರಕ್ಕೆ 18 ಇದ್ದದ್ದು 27. ಅದೂ ಜನ ಮೊದಲಿನಷ್ಟೇ ಕೊಂಡರೆ, ಬಿಲ್ ಇಲ್ಲದ ವ್ಯಾಪಾರ ಹೆಚ್ಚದಿದ್ದರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಬಂತು, ನೆನಪಿದೆಯಾ? ಈಗಿನ ದರಕ್ಕೇ ಹೀಗೆ.

ಹೊರೆ ಯಾರ ಮೇಲೆ ಬೀಳುತ್ತದೆ ಅನ್ನುವುದು ಇನ್ನೂ ಮುಖ್ಯ. ತಿಂಗಳಿಗೆ 20,000 ದುಡಿಯುವ ಮನೆಯಲ್ಲಿ ಅಷ್ಟೂ ಖರ್ಚಾಗುತ್ತದೆ. 2 ಲಕ್ಷ ದುಡಿಯುವವರು 80,000 ಖರ್ಚು ಮಾಡಿ ಉಳಿದದ್ದನ್ನು ಮ್ಯೂಚುವಲ್ ಫಂಡ್‌ಗೆ ಹಾಕುತ್ತಾರೆ ಅಂದುಕೊಳ್ಳಿ. ಖರ್ಚಿನಲ್ಲಿ ನೂರಕ್ಕೆ ಹತ್ತು ತೆರಿಗೆಗೆ ಹೋದರೆ, ಮೊದಲನೆಯವರ ದುಡಿಮೆಯಲ್ಲಿ ನೂರಕ್ಕೆ ಹತ್ತು ಹೋಯಿತು, ಎರಡನೆಯವರದ್ದು ನಾಲ್ಕೇ. ತರಕಾರಿ, ಹಾಲು, ಬಿಡಿ ಅಕ್ಕಿಗೆ ಜಿಎಸ್‌ಟಿ ಇಲ್ಲ, ನಿಜ. ಅದರಿಂದ ಅಂತರ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. 20,000ದವರಿಗೆ ಇವತ್ತು ಆದಾಯ ತೆರಿಗೆಯೇ ಇಲ್ಲ. ಅಂದರೆ ನೀವು ಹೇಳುವ ಬದಲಾವಣೆಯಿಂದ ಅವರಿಗೆ ಸಿಗುವುದು ಏರಿದ ಬೆಲೆ ಮಾತ್ರ.

ಹಾಗಂತ ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಆದಾಯ ತೆರಿಗೆ ಉಳಿತಾಯಕ್ಕೆ ಹೊಡೆತ ಕೊಡುತ್ತದೆ. ತೆರಿಗೆ ಕಟ್ಟಿ ಉಳಿಸಿದ ದುಡ್ಡನ್ನು 7 ಪರ್ಸೆಂಟ್‌ಗೆ ಎಫ್‌ಡಿ ಇಟ್ಟರೆ ಬಡ್ಡಿಗೂ ತೆರಿಗೆ ಹೋಗಿ 30 ಪರ್ಸೆಂಟ್ ಸ್ಲ್ಯಾಬ್‌ನವರ ಕೈಗೆ ಬರುವುದು 4.9. ಬೆಲೆ ಏರಿಕೆ 5 ಇದ್ದರೆ ಅಸಲೇ ಕರಗಿತು. ಖರ್ಚಿನ ಮೇಲಿನ ತೆರಿಗೆಗೆ ಈ ದೋಷವಿಲ್ಲ.

ಖರ್ಚಿಗೇ ತೆರಿಗೆ, ಆದರೆ ಜಾಸ್ತಿ ಖರ್ಚು ಮಾಡುವವರಿಗೆ ಜಾಸ್ತಿ ದರ ಅಂತ ಮಾಡಬಹುದಲ್ಲ ಅನ್ನಬಹುದು. ಅದನ್ನೂ ನಮ್ಮ ದೇಶ ಮಾಡಿ ನೋಡಿದೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ ಸಲಹೆಯಂತೆ ಆಗಿನ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ 1957ರ ಬಜೆಟ್‌ನಲ್ಲಿ ವೆಚ್ಚ ತೆರಿಗೆ ತಂದರು. 1962ರಲ್ಲಿ ಅವರ ನಂತರ ಆ ಖಾತೆಗೆ ಬಂದಿದ್ದ ಮೊರಾರ್ಜಿ ದೇಸಾಯಿ ತೆಗೆದರು. ಕೃಷ್ಣಮಾಚಾರಿ ಮತ್ತೆ ಹಣಕಾಸು ಮಂತ್ರಿಯಾಗಿ 1964ರಲ್ಲಿ ಮತ್ತೆ ತಂದರು, 1966ರಲ್ಲಿ ಮತ್ತೆ ಹೋಯಿತು. ವಸೂಲಾಗಿದ್ದು ಅಷ್ಟಕ್ಕಷ್ಟೇ. ಸಂಬಳ ಬರುವುದು ಒಂದು ಕಡೆಯಿಂದ, ಖರ್ಚಾಗುವುದು ನೂರು ಕಡೆ. ಯಾವ ಅಧಿಕಾರಿ ಎಷ್ಟು ಮದುವೆಗಳ ಲೆಕ್ಕ ಬಿಡಿಸಲು ಸಾಧ್ಯ?

‘ಎಲ್ಲರೂ ಕಟ್ಟಲಿ’ ಅನ್ನುವುದೇ ನಿಮ್ಮ ಬೇಡಿಕೆಯಾದರೆ ಬೇರೆ ದಾರಿಯಿದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಒಂದೆರಡು ಎಕರೆ ರಾಗಿ ಬೆಳೆಯುವವರ ಮಾತು ಬಿಡಿ, ನಲವತ್ತು ಎಕರೆ ಅಡಿಕೆ ತೋಟದವರಿಗೂ ಇಲ್ಲ. ಸೋಪಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ 18ರಿಂದ 5ಕ್ಕೆ ಇಳಿದಿದೆ. ಅದನ್ನು ಮತ್ತೆ ಏರಿಸುವ ಬದಲು ಆ ದೊಡ್ಡ ತೋಟಗಳಿಗೆ ತೆರಿಗೆ ಹಾಕಲಿ ಅನ್ನುತ್ತೇನೆ ನಾನು. ಯಾವ ಪಕ್ಷವೂ ಅದನ್ನು ಮುಟ್ಟುವುದಿಲ್ಲ, ಆ ಮಾತು ಬೇರೆ.