ಫೋರ್ಟ್ರಾನ್‌ನಲ್ಲಿ ಫೈಲಿಂದ ಓದಿದ ಮ್ಯಾಟ್ರಿಕ್ಸ್ ಅದಲುಬದಲಾಗುವುದು ಯಾಕೆ?

ನಿಮ್ಮ ಫೈಲ್ ಸರಿಯಾಗಿಯೇ ಇದೆ, ಓದುವ ರೀತಿ ಮಾತ್ರ ತಪ್ಪು. ಕಾಸರಗೋಡು ಜಿಲ್ಲೆಯ 4 ತಾಲೂಕುಗಳ 12 ತಿಂಗಳ ಮಳೆಯನ್ನು ತಾಲೂಕಿಗೊಂದು ಸಾಲಿನಂತೆ ಬರೆದಿಟ್ಟಿದ್ದೀರಿ, ಅಲ್ವಾ? ಆದರೆ ಫೋರ್ಟ್ರಾನ್ ಪ್ರೋಗ್ರಾಮಿಂಗ್ ಭಾಷೆ ಅರೇಯನ್ನು (ಸಾಲು-ಕಾಲಮ್‌ಗಳಲ್ಲಿ ಜೋಡಿಸಿದ ಅಂಕಿಗಳನ್ನು) ಮೆಮೊರಿಯಲ್ಲಿ ಇಡುವುದು ಕಾಲಮ್ ಪ್ರಕಾರ, ಸಿ ಭಾಷೆಗೆ ಪೂರ್ತಿ ಉಲ್ಟಾ. ಹಾಗಾಗಿ 4 ಸಾಲು, 12 ಕಾಲಮ್‌ನ ‘ಮಳೆ’ ಅರೇಗೆ ಓದಲು ಸುಮ್ನೆ ‘ರೀಡ್(10,*) ಮಳೆ’ ಅಂತ ಕೊಟ್ಟರೆ ಮೊದಲ ಸಾಲಿನ ಮಂಜೇಶ್ವರದ ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್ ಅಂಕಿಗಳು ನಾಲ್ಕೂ ತಾಲೂಕುಗಳ ಜನವರಿ ಜಾಗದಲ್ಲಿ ಹೋಗಿ ಕೂರುತ್ತವೆ, ಅದರ ಜೂನ್ ಮಳೆ ಎರಡನೇ ತಾಲೂಕಿನ ಫೆಬ್ರವರಿಗೆ ಸುರಿಯುತ್ತದೆ! ಎರರ್ ಬರುವುದಿಲ್ಲ, 48 ಜಾಗವೂ ತುಂಬಿರುತ್ತದಲ್ಲ.

ಹೀಗೆ ಬರೆಯಿರಿ (ಐ ಅಂದರೆ ತಾಲೂಕು, ಜೆ ಅಂದರೆ ತಿಂಗಳು):

ರೀಡ್(10,*) ((ಮಳೆ(ಐ,ಜೆ), ಜೆ=1,12), ಐ=1,4)

ಫೋರ್ಟ್ರಾನ್ 77ರಲ್ಲೂ ಇದು ನಡೆಯುತ್ತದೆ. 90 ಅಥವಾ ಹೊಸದಾದರೆ ‘ಸಮ್(ಮಳೆ, ಡಿಮ್=2)’ ಸಾಕು, ತಾಲೂಕುವಾರು ವರ್ಷದ ಮೊತ್ತ ಲೂಪ್ ಇಲ್ಲದೆ ಸಿಗುತ್ತದೆ.

ಲೆಕ್ಕ ಹಾಕುವಾಗ ಜೆ ಲೂಪ್ ಹೊರಗೆ, ಐ ಲೂಪ್ ಒಳಗೆ ಇರಲಿ. 48 ಅಂಕಿಗೆ ವ್ಯತ್ಯಾಸ ಗೊತ್ತಾಗಲ್ಲ, ಆದರೆ ಅರೇ ದೊಡ್ಡದಾದಾಗ ಪಕ್ಕಪಕ್ಕದ ಮೆಮೊರಿ ಓದುವುದರಿಂದ ಪ್ರೋಗ್ರಾಂ ಜಾಸ್ತಿ ವೇಗವಾಗಿ ಓಡುತ್ತದೆ. ಇನ್ನೊಂದು, ಎರಡು ಮ್ಯಾಟ್ರಿಕ್ಸ್ ಗುಣಿಸಲು * ಹಾಕಬೇಡಿ, ಅದು ಅಂಕಿಗೆ ಅಂಕಿ ಗುಣಿಸುತ್ತದೆ ಅಷ್ಟೇ. ಅದಕ್ಕೆ ‘ಮ್ಯಾಟ್‌ಮುಲ್’ ಇದೆ.