ಹೆಂಡತಿ ಐಸಿಯು ನರ್ಸ್. ಮನೆಗೆ ಬಂದರೆ ಮಾತೇ ಇಲ್ಲ. ಕೆಲಸ ಬಿಡಿಸಲಾ?

ನೀವು ಕೇಳಿದ್ದು ಇಷ್ಟು: ನಿಮ್ಮ ಮನೆಯವರು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ 4 ವರ್ಷದಿಂದ ನರ್ಸ್. ಈಚೆಗೆ ಮನೆಗೆ ಬಂದರೆ ಮಾತಿಲ್ಲ. ಎಷ್ಟು ಮಲಗಿದರೂ ಸುಸ್ತು ಹೋಗುವುದಿಲ್ಲ. ಸಣ್ಣದಕ್ಕೂ ಸಿಡುಕು. ಮೊದಲೆಲ್ಲ ರೋಗಿಗಳ ಹೆಸರು, ಊರು ಹೇಳುತ್ತಿದ್ದವರು ಈಗ "ಬೆಡ್ 7 ಹೋಯ್ತು" ಎಂದಷ್ಟೇ ಹೇಳಿ ಕಾಫಿ ಕುಡಿಯುತ್ತಾರೆ. ಇವಳ ಮನಸ್ಸು ಕಲ್ಲಾಯಿತಾ, ಕೆಲಸ ಬಿಡಿಸಿಬಿಡಲಾ ಎಂದು ಕೇಳಿದ್ದೀರಿ.

ನಾನೂ ನರ್ಸೇ. 15 ವರ್ಷ ಆಯಿತು. ಮೊದಲ 6 ವರ್ಷ ಬೆಂಗಳೂರಿನಲ್ಲಿ, ಖಾಸಗಿ ಆಸ್ಪತ್ರೆಯಲ್ಲಿ. ಆಮೇಲೆ ಸರ್ಕಾರಿ ಕೆಲಸ ಸಿಕ್ಕಿ ಜಿಲ್ಲಾ ಆಸ್ಪತ್ರೆಗೆ ಬಂದೆ. "ಬೆಡ್ 7" ಎನ್ನುವುದನ್ನು ಓದಿ ಸ್ವಲ್ಪ ಹೊತ್ತು ಫೋನ್ ಪಕ್ಕಕ್ಕಿಟ್ಟೆ. ನಾನೂ ಹಾಗೇ ಹೇಳುತ್ತಿದ್ದೆ.

ಒಂದು ನೈಟ್ ಡ್ಯೂಟಿಯಲ್ಲಿ ನನ್ನ ಪಾಲಿಗೆ ಮೂರು ಬೆಡ್. ಇಬ್ಬರು ವೆಂಟಿಲೇಟರ್ ಮೇಲೆ. ಮೂರನೆಯವರು ಒಬ್ಬ ಅಜ್ಜ. ವಾರದಿಂದ ನಾನು ಡ್ಯೂಟಿಗೆ ಬಂದಾಗೆಲ್ಲ "ಊಟ ಆಯ್ತಾ ಮಗಳೇ" ಎಂದು ಕೇಳುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಅವರು ಹೋದರು. ಹೊರಗೆ ಮನೆಯವರು ಅಳುತ್ತಿದ್ದಾರೆ, ನನ್ನ ತಲೆಯಲ್ಲಿ ಫೈಲ್ ಮುಗಿಸಬೇಕು, ಬಾಡಿ ಪ್ಯಾಕ್ ಮಾಡಬೇಕು, ಕ್ಯಾಷುವಾಲ್ಟಿಯಿಂದ ಇನ್ನೊಂದು ಅಡ್ಮಿಷನ್ ಬರ್ತಾ ಇದೆ, ಇಷ್ಟೇ. ಬೆಳಿಗ್ಗೆ ಮುಂದಿನ ಶಿಫ್ಟ್‌ನವರಿಗೆ ಓವರ್ ಕೊಟ್ಟು, ಮನೆಗೆ ಹೋಗಿ ಉಪ್ಪಿಟ್ಟು ತಿಂದು ಮಲಗಿದೆ. ಸಂಜೆ ಎದ್ದಾಗ ಹೊಳೆಯಿತು, ನನಗೆ ಅಳು ಬಂದೇ ಇಲ್ಲ. ಅವತ್ತು ನನ್ನನ್ನು ಕಂಡು ನನಗೇ ಭಯವಾಯಿತು.

ಇದು ಕಲ್ಲು ಮನಸ್ಸಲ್ಲ. ಜಾಸ್ತಿ ಲೋಡ್ ಬಿದ್ದಾಗ ಫ್ಯೂಸ್ ಹೋಗುತ್ತದಲ್ವಾ, ಹಾಗೆ. ಇದಕ್ಕೆ ಬರ್ನ್‌ಔಟ್ ಎನ್ನುತ್ತಾರೆ. ಅಮೆರಿಕದ ಸಂಶೋಧಕಿಯರಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಮೂರು ಭಾಗ. ಮನಸ್ಸು ಪೂರ್ತಿ ಸುಸ್ತಾಗುವುದು, ಎದುರಿಗಿರುವವರು ಮನುಷ್ಯರಲ್ಲ ಬರೀ ಕೇಸು ಎನಿಸುವುದು, ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ ಎನಿಸುವುದು. ನಿಮ್ಮ "ಬೆಡ್ 7" ಎರಡನೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನದೆ, ಕೆಲಸದಿಂದ ಬರುವ ಸ್ಥಿತಿ ಎಂದು ತನ್ನ ಪಟ್ಟಿಯಲ್ಲಿ ಸೇರಿಸಿತು. ಇದು ಮುಖ್ಯ. ತಪ್ಪು ನಿಮ್ಮ ಮನೆಯವರಲ್ಲಿ ಹುಡುಕಬೇಡಿ, ಅವರ ಡ್ಯೂಟಿಯಲ್ಲಿ ಹುಡುಕಿ.

ಹಾಗಾಗಿ ಅವರನ್ನು ಒಂದು ಪ್ರಶ್ನೆ ಕೇಳಿ: "ಒಂದು ಶಿಫ್ಟ್‌ನಲ್ಲಿ ನಿನಗೆ ಎಷ್ಟು ಬೆಡ್?" ಕೇಂದ್ರ ಸರ್ಕಾರದ ಹಳೆಯ ಸಿಬ್ಬಂದಿ ಲೆಕ್ಕದಲ್ಲಿ ಐಸಿಯುಗೆ ಒಂದು ಬೆಡ್‌ಗೆ ಒಬ್ಬ ನರ್ಸ್, ಜನರಲ್ ವಾರ್ಡ್‌ನಲ್ಲಿ ಆರು ಬೆಡ್‌ಗೆ ಒಬ್ಬರು. ಕಾಗದದ ಮೇಲೆ. ನಾನು ವಾರ್ಡ್‌ನಲ್ಲಿ ಒಬ್ಬಳೇ 25 ರೋಗಿಗಳನ್ನು ನೋಡಿದ ರಾತ್ರಿಗಳಿವೆ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ತಂಡ 2002ರಲ್ಲಿ ಒಂದು ಲೆಕ್ಕ ಕೊಟ್ಟಿತು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಬರ್ನ್‌ಔಟ್ ಆಗುವ ಸಾಧ್ಯತೆ 23% ಏರುತ್ತದೆ. ಆಪರೇಷನ್ ಆದ ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆಯೂ 7% ಏರುತ್ತದೆ. ಇದನ್ನು ಯೋಗ, ಧ್ಯಾನದಿಂದ ಸರಿಮಾಡಿ ಎನ್ನುವ ಆಸ್ಪತ್ರೆಗಳನ್ನು ಕಂಡರೆ ನನಗೆ ನಗು ಬರುತ್ತದೆ. ನೈಟ್ ಮುಗಿಸಿದವರನ್ನು ನಿಲ್ಲಿಸಿಕೊಂಡು ಒತ್ತಡ ನಿರ್ವಹಣೆಯ ಕ್ಲಾಸ್ ಮಾಡಿದ್ದನ್ನು ನಾನೇ ಕಂಡಿದ್ದೇನೆ!

ಆಗ ನನಗೆ ಸಿಕ್ಕ ಸಮಾಧಾನದ ಮಾತುಗಳು ಕೇಳಿ. ಅಮ್ಮ ಹೇಳಿದ್ದು, "ಸೇವೆ ಅಲ್ವಾ, ಪುಣ್ಯದ ಕೆಲಸ." ನಮ್ಮ ಮನೆಯವರು, "ಎಲ್ಲಾ ಕೆಲಸದಲ್ಲೂ ಟೆನ್ಷನ್ ಇರುತ್ತೆ, ಅಡ್ಜಸ್ಟ್ ಮಾಡ್ಕೋ." ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಪುಣ್ಯದ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಕೊರೊನಾ ಸಮಯದಲ್ಲಿ, 2020ರ ಮಾರ್ಚ್ 22ರಂದು, ಊರೆಲ್ಲ ನಮಗಾಗಿ ತಟ್ಟೆ ಬಡಿಯಿತು, ಸಂತೋಷ. ನಮಗೆ ಬೇಕಾಗಿದ್ದದ್ದು ಒಂದು ಆಫ್.

ನನ್ನನ್ನು ಉಳಿಸಿದ್ದು ನಮ್ಮ ಇನ್‌ಚಾರ್ಜ್ ಸಿಸ್ಟರ್. ಮಲಯಾಳಿ, ಕನ್ನಡ ಅರ್ಧಂಬರ್ಧ, ಮಾತು ಬಲು ಒರಟು. ಅಜ್ಜ ಹೋಗಿ ಎರಡು ವಾರಕ್ಕೆ ಮತ್ತೊಂದು ಸಾವು ಆದಾಗ ನನ್ನ ಮುಖ ನೋಡಿ, "ನೀನು ಹೋಗಿ ಚಾಯ ಕುಡಿ, ಬಾಡಿ ನಾನು ಪ್ಯಾಕ್ ಮಾಡ್ತೀನಿ" ಎಂದರು. ಧೈರ್ಯ ಹೇಳಲಿಲ್ಲ, ಏನಾಯಿತು ಎಂದು ಕೇಳಲೂ ಇಲ್ಲ. ಮುಂದಿನ ರೋಸ್ಟರ್‌ನಲ್ಲಿ ನನ್ನ ನೈಟ್ ಕಡಿಮೆ ಮಾಡಿ, ಎರಡು ತಿಂಗಳು ಡಯಾಲಿಸಿಸ್‌ಗೆ ಹಾಕಿದರು. ಅಲ್ಲಿಗೆ ವಾರಕ್ಕೆ ಮೂರು ಸಲ ಅದೇ ಜನ ಬರುತ್ತಾರೆ, ಎದ್ದು ನಡೆದು ಮನೆಗೆ ಹೋಗುತ್ತಾರೆ. ಅಷ್ಟು ಸಾಕಾಯಿತು. ಒಂದು ತಿಂಗಳಾಗುವಷ್ಟರಲ್ಲಿ ಮತ್ತೆ ಹೆಸರು ನೆನಪಿರತೊಡಗಿತು.

ಆದ್ದರಿಂದ ನಿಮ್ಮ ಮನೆಯವರಿಗೆ ವಾರ್ಡ್‌ನಲ್ಲಿ ಅಂಥವರು ಯಾರಾದರೂ ಇದ್ದಾರಾ ತಿಳಿದುಕೊಳ್ಳಿ. ಒಬ್ಬ ಇನ್‌ಚಾರ್ಜ್, ಇಲ್ಲವೇ ಡ್ಯೂಟಿ ಬದಲಾಯಿಸಿಕೊಳ್ಳುವ ಒಬ್ಬ ಗೆಳತಿ. ಇದ್ದರೆ ವಾರ್ಡ್ ಬದಲಾವಣೆ, ಎರಡು ವಾರ ರಜೆ ಕೇಳಲು ಹೇಳಿ. ಬಾಯಿಮಾತಲ್ಲಿ ಬೇಡ, ಬರೆದು ಕೊಡಲಿ.

ಮನೆಯಲ್ಲಿ ನೀವು ಮಾಡಬಹುದಾದದ್ದೂ ಇದೇ ರೀತಿಯದು, ಅವರ ಕೈಯಿಂದ ಏನಾದರೂ ಇಳಿಸುವುದು. ಹಗಲು ನಿದ್ದೆ ಸೋಮಾರಿತನ ಎಂದು ನಮ್ಮ ಮನೆಗಳಲ್ಲಿ ಒಂದು ನಂಬಿಕೆ ಇದೆ. ನೈಟ್ ಮುಗಿಸಿ ಹನ್ನೊಂದಕ್ಕೆ ಕಣ್ಣು ಮುಚ್ಚಿದರೆ ಗ್ಯಾಸ್‌ನವನು ಬೆಲ್ ಒತ್ತುತ್ತಾನೆ, ಅತ್ತೆಗೆ ಊರಿನಿಂದ ಫೋನ್, ಕುಕ್ಕರ್ ಕೂಗು. ದಪ್ಪ ಪರದೆ ಹಾಕಿಸಿ. ಅವರ ಫೋನ್ ನಿಮ್ಮ ಹತ್ತಿರ ಇರಲಿ. ಗೃಹಪ್ರವೇಶ, ನಾಮಕರಣಕ್ಕೆ ಯಾಕೆ ಬರಲಿಲ್ಲ ಎಂದು ಕೇಳುವವರಿಗೆ ನೀವೇ ಉತ್ತರ ಕೊಡಿ. ಅವರು ಡ್ಯೂಟಿಗೆ ಹೋಗುವ ಮುಂಚೆ ಎಲ್ಲರಿಗೂ ಅಡುಗೆ ಮಾಡಿಟ್ಟು ಹೋಗುತ್ತಾರಾ? ನಿಮ್ಮ ಪ್ರಶ್ನೆಯಲ್ಲಿ ಅದು ಬಂದಿಲ್ಲ, ನನಗೆ ಅನುಮಾನ ಇದೆ.

ಕೆಲಸ ಬಿಡುವ ವಿಷಯ. ಸತತ ನೈಟ್ ನಡುವೆ ಆ ತೀರ್ಮಾನ ಬೇಡ, ಮತ್ತೆ ಅದು ನೀವು "ಬಿಡಿಸುವ" ಕೆಲಸವೂ ಅಲ್ಲ. ಆಸ್ಪತ್ರೆಯವರು ಬಾಂಡ್ ಬರೆಸಿಕೊಂಡು ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಂಡಿದ್ದಾರಾ ನೋಡಿ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಇಂಟರ್‌ವ್ಯೂನಲ್ಲಿ ಸಂಬಳಕ್ಕಿಂತ ಮೊದಲು ಬೆಡ್ ಲೆಕ್ಕ ಕೇಳಲಿ. ಸಂಬಳದ್ದೂ ಗೊತ್ತಿರಲಿ: ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2016ರಲ್ಲಿ ಕೇಂದ್ರದ ಸಮಿತಿಯೊಂದು, 200 ಬೆಡ್‌ಗಿಂತ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ನಷ್ಟೇ ಸಂಬಳ ಇರಬೇಕು ಎಂದು ಶಿಫಾರಸು ಮಾಡಿದೆ. ಕೊಡುವವರನ್ನು ನಾನಂತೂ ನೋಡಿಲ್ಲ.

ಒಂದು ವಿಷಯ ಮಾತ್ರ ಮುಂದಕ್ಕೆ ಹಾಕಬೇಡಿ. ರಜೆಯಲ್ಲಿ ಚೆನ್ನಾಗಿ ಮಲಗಿ ಎದ್ದರೂ ಯಾವುದರಲ್ಲೂ ಖುಷಿ ಇಲ್ಲ, ಊಟ ಸೇರುತ್ತಿಲ್ಲ, "ನಾನಿದ್ದು ಏನು ಪ್ರಯೋಜನ" ಎನ್ನುವ ಮಾತು ಬರುತ್ತಿದೆ ಎಂದರೆ ಅದು ಬರೀ ಬರ್ನ್‌ಔಟ್ ಅಲ್ಲದಿರಬಹುದು. ಮನೋವೈದ್ಯರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನರ್ಸ್‌ಗಳು ತಾವಾಗಿ ಕರೆ ಮಾಡುವುದು ಕಡಿಮೆ. ನಮಗೆ ಇಂಜೆಕ್ಷನ್ ಕೊಡುವುದು ಗೊತ್ತು, ತೆಗೆದುಕೊಳ್ಳುವುದು ಗೊತ್ತಿಲ್ಲ.

ಮಾತಿನ ಬಗ್ಗೆ ಹೇಳುವುದು ಮರೆತೆ. ಬಾಗಿಲಲ್ಲೇ "ಇವತ್ತು ಏನಾಯ್ತು" ಎಂದು ಕೇಳಬೇಡಿ. ನಮ್ಮ ಮನೆಯವರು ಕೇಳುವುದನ್ನು ಬಿಟ್ಟು, ನೈಟ್ ಮುಗಿಯುವ ಹೊತ್ತಿಗೆ ಸ್ಕೂಟರ್ ತೆಗೆದುಕೊಂಡು ಗೇಟ್ ಹತ್ತಿರ ಬರತೊಡಗಿದರು. ಮೊದಲು ಕೆಲವು ದಿನ ನಾನು ಸುಮ್ನೆ ಹಿಂದೆ ಕೂತು ಬಂದೆ. ಒಂದು ದಿನ ಸಿಗ್ನಲ್‌ನಲ್ಲಿ ನಿಂತಾಗ, ಹೆಲ್ಮೆಟ್ ಒಳಗಿಂದಲೇ, ಆ ಅಜ್ಜನ ಬಗ್ಗೆ ಹೇಳಿದೆ. ಅವರು ಹಿಂತಿರುಗಿ ನೋಡಲಿಲ್ಲ. ಮನೆಯ ತಿರುವು ಬಂದರೂ ತಿರುಗಿಸದೆ ಇನ್ನೊಂದು ಸುತ್ತು ಹಾಕಿದರು.