ತೆಂಗೊ ಉನಾ ದುದಾ ಅಂದ್ರೆ ನಮ್ಮ ಡೌಟೇ

ತಮ್ಮಾ,

ಹ್ಯೂಸ್ಟನ್‌ಗೆ ಬಂದು ಎರಡು ತಿಂಗಳು. ಟೀಮಿನ ಎಂಟು ಜನರಲ್ಲಿ ಐವರು ಮೆಕ್ಸಿಕೊ, ಕೊಲಂಬಿಯಾ ಕಡೆಯವರು, ಸ್ಪ್ಯಾನಿಷ್ ಮಾತಾಡುವವರು. ಅವರ ಇಂಗ್ಲಿಷ್ ಮೇಲ್‌ಗಳನ್ನು ತಿದ್ದಿಕೊಡು ಅಂತ ಮ್ಯಾನೇಜರ್ ನಿನಗೇ ಹೇಳಿದ್ದಾರೆ. "ನನ್ನ ಇಂಗ್ಲಿಷೇ ಅಷ್ಟಕ್ಕಷ್ಟೆ, ಎಲ್ಲಿಂದ ಶುರು ಮಾಡಲಿ ಅಕ್ಕಾ?" ಅಂತ ಕೇಳಿದ್ದೀಯ.

ನಾನು ಇಲ್ಲಿಗೆ ಬಂದು ಹದಿನೇಳು ವರ್ಷ ಆಯ್ತು. ಮೊದಲ ಕೆಲಸ ಟೈಲ್ಸ್ ಮಾರುವ ಆಫೀಸಿನಲ್ಲಿ. ಪಕ್ಕದ ಮೇಜಿನವರು ಮೆಕ್ಸಿಕೊದ ಮಾಂಟೆರೇ ಊರಿನವರು. ಒಂದು ದಿನ ರೇಟು ಕೇಳಿದ ಗಿರಾಕಿಗೆ ಅವರು "ಆಕ್ಚುವಲಿ ದ ಪ್ರೈಸ್ ಈಸ್ 400 ಡಾಲರ್ಸ್" ಅಂತ ಬರೆದರು. ಗಿರಾಕಿ ಫೋನ್ ಮಾಡಿ ರೇಗಿದ: "ನಾನು ಬೇರೆ ರೇಟು ಹೇಳಿದ್ನಾ? ಯಾಕೆ ತಿದ್ತಿದ್ದೀರಿ?" ಇವರಿಗೆ ತಲೆಬುಡ ಗೊತ್ತಾಗಲಿಲ್ಲ. ಇಂಗ್ಲಿಷ್‌ನ ಆಕ್ಚುವಲಿ "ನೀವಂದದ್ದಲ್ಲ, ನಿಜವಾಗಿ ಇದು" ಅಂದ ಹಾಗೆ ಕೇಳುತ್ತದೆ. ಸ್ಪ್ಯಾನಿಷ್‌ನಲ್ಲಿ ಆಕ್ತುವಾಲ್ಮೆಂತೆ ಅಂದರೆ "ಸದ್ಯಕ್ಕೆ". ಅವರು ಹೇಳಿದ್ದು ಸದ್ಯದ ರೇಟು, ಅಷ್ಟೆ.

ನಿನ್ನ ಟೀಮಿನವನು "ಐ ಅಸಿಸ್ಟೆಡ್ ದ ಮೀಟಿಂಗ್" ಅಂತ ಬರೆದ, ಆದರೆ ಸುಮ್ನೆ ಕೂತಿದ್ದ ಅಂದೆಯಲ್ಲ, ಅವನು ಸುಳ್ಳು ಹೇಳಿಲ್ಲ. ಇಂಗ್ಲಿಷ್‌ನ ಅಸಿಸ್ಟ್ ಸಹಾಯ ಮಾಡುವುದು, ಅವರ ಆಸಿಸ್ತಿರ್ ಅಂದರೆ ಹಾಜರಾಗುವುದು. ಕಾರ್ಪೆತಾ ಅಂದರೆ ಫೈಲು, ನೆಲದ ಕಾರ್ಪೆಟ್ ಅಲ್ಲ. ಇವೆಲ್ಲ ನಕ್ಕು ಬಿಡುವಂಥವು. "ಇವೆಂಚುವಲಿ" ಮಾತ್ರ ಹುಷಾರು. ಇಂಗ್ಲಿಷ್‌ನಲ್ಲಿ ಅದು "ಕೊನೆಗೆ ಆಗೇ ಆಗುತ್ತದೆ", ಅವರಲ್ಲಿ "ಆದರೂ ಆಗಬಹುದು". ಇಪ್ಪತ್ತು ಪೆಟ್ಟಿಗೆ ಬೇಕಾಗಬಹುದು ಅನ್ನಲು ಅವರು ಆ ಪದ ಹಾಕಿ ಬರೆದರೆ, ಓದಿದವನು ಇಪ್ಪತ್ತೂ ಲೋಡ್ ಮಾಡಿಸಿ ಕಳಿಸುತ್ತಾನೆ. ಆ ಪದ ಕಂಡರೆ ಎದ್ದು ಹೋಗಿ ಕೇಳು.

ಇನ್ನು ವ್ಯಾಕರಣ. ಇಲ್ಲಿ ಅವರೂ ನಾವೂ ಎಷ್ಟೋ ಕಡೆ ಒಂದೇ ಗುಂಡಿಗೆ ಬೀಳುತ್ತೇವೆ. "ನಾಳೆ ಬರ್ತೀನಿ" ಅನ್ನುವಾಗ ನಮಗೆ "ನಾನು" ಬೇಕಾಗಲ್ಲ, ಅವರಿಗೂ ಬೇಕಾಗಲ್ಲ. ಅದಕ್ಕೇ "ಈಸ್ ವೆರಿ ಅರ್ಜೆಂಟ್" ಅಂತ ಬರೆಯುತ್ತಾರೆ, ಮುಂದಿನ "ಇಟ್" ಮಾಯ. ಇನ್, ಆನ್, ಆ್ಯಟ್ ಮೂರಕ್ಕೂ ಅವರು ಹೆಚ್ಚಾಗಿ "ಎನ್" ಒಂದರಲ್ಲೇ ಮುಗಿಸುತ್ತಾರೆ, ನಾವು "ಅಲ್ಲಿ" ಅಂತ ಅಂಟಿಸುತ್ತೇವೆ. ಮೇಕ್, ಡೂ ಎರಡಕ್ಕೂ ಅವರಿಗೆ ಆಸೆರ್, ನಮಗೆ ಮಾಡು. ಅವರು ಎಸ್ಕೂಲ್ ಅಂದಾಗ ನಗಬೇಡ. ನನ್ನಜ್ಜಿ ಇಸ್ಕೂಲು ಅನ್ನುತ್ತಿದ್ದಳು. ನನಗೆ ತುಂಬಾ ಇಷ್ಟವಾದದ್ದು ಇದು: ಅವರಿಗೆ ಏನಾದರೂ ಕೇಳಬೇಕಿದ್ದರೆ ತೆಂಗೊ ಉನಾ ದುದಾ, ಅಂದರೆ "ನನಗೊಂದು ಡೌಟ್ ಇದೆ". ಥೇಟ್ ನಮ್ಮ ಹಾಗೇ! ಅಮೆರಿಕದವರಿಗೆ ಮಾತ್ರ ಡೌಟ್ ಅಂದರೆ ಅಪನಂಬಿಕೆ. ಇಬ್ಬರೂ "ಕ್ವೆಶ್ಚನ್" ಅಂತ ಬದಲಾಯಿಸಿಕೊಳ್ಳಿ.

ಇಂಗ್ಲಿಷ್‌ನ "ದ" (the) ವಿಷಯದಲ್ಲಿ ಉಲ್ಟಾ. ಅವರು ಬೇಡದ ಕಡೆಯೂ ಹಾಕುತ್ತಾರೆ, ನಾವು ಬೇಕಾದ ಕಡೆಯೂ ಬಿಡುತ್ತೇವೆ. ಪದಗಳಲ್ಲೂ ಹಾಗೆ. ಪೋಸ್ಟ್‌ಪೋನ್ ಅವರಿಗೆ ಮನೆ ಮಾತಿನಂತೆ, ಅವರ ಭಾಷೆಯಲ್ಲೂ ಪೋಸ್ಪೊನೆರ್ ಇದೆ. ಅದೇ ಅರ್ಥದ "ಪುಟ್ ಆಫ್" ಅಂದರೆ ತಡಕಾಡುತ್ತಾರೆ. ಲುಕ್ ಇನ್‌ಟು, ಫಾಲೋ ಅಪ್, ಇಂಥ ಚಿಕ್ಕ ಚಿಕ್ಕ ಜೋಡಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ವಾಕ್ಯದ ಸಮೇತ ಬರೆಸು. ಬರೀ ಪದ ಬರೆದುಕೊಂಡರೆ ಪ್ರಯೋಜನ ಇಲ್ಲ.

ತಿದ್ದುವ ಮೊದಲು ನಿನ್ನದೊಂದು ಮೇಲ್ ಅವರ ಕೈಗೆ ಕೊಡು. ನಾನು "ಪ್ಲೀಸ್ ಡೂ ದ ನೀಡ್‌ಫುಲ್" ಅಂತ ಬರೆದಾಗ ಆ ಮಾಂಟೆರೇಯವರೇ "ಯಾವ ನೀಡ್‌ಫುಲ್?" ಅಂತ ಕೇಳಿದರು. 1,50,000 ಅಂತ (ಇಲ್ಲಿ 150,000) ನಾನು ಹಾಕಿದ ಅಲ್ಪವಿರಾಮ ನೋಡಿ ಲೆಕ್ಕದವರು ಟೈಪಿಂಗ್ ತಪ್ಪು ಅಂದುಕೊಂಡರು. ಅವರಿಗೂ ಅಂಕಿಯ ಕಾಟ ಇದೆ: ಇಂಗ್ಲಿಷ್‌ನ ಬಿಲಿಯನ್ ನೂರು ಕೋಟಿ, ಸ್ಪ್ಯಾನಿಷ್‌ನ ಬಿಯೋನ್ ಅದರ ಸಾವಿರ ಪಟ್ಟು. ತಾರೀಖು 03/04 ಅಂತ ಯಾರೂ ಬರೆಯಬೇಡಿ. ನಮಗೂ ಅವರಿಗೂ ಅದು ಏಪ್ರಿಲ್ 3, ಇಲ್ಲಿಯವರಿಗೆ ಮಾರ್ಚ್ 4. ತಿಂಗಳ ಹೆಸರೇ ಬರೆಯಿರಿ.

ಬರೆಯುವ ರೀತಿಗೆ ನನ್ನದು ಒಂದೇ ಮಾತು: ಏನು ಬೇಕು, ಯಾವಾಗ ಬೇಕು, ಇವೆರಡು ಮೊದಲ ಎರಡು ಸಾಲಿನಲ್ಲಿ ಬರಲಿ. ಸ್ಪ್ಯಾನಿಷ್‌ನಲ್ಲಿ ಅಲ್ಪವಿರಾಮ ಹಾಕುತ್ತಾ ವಾಕ್ಯ ಉದ್ದ ಎಳೆಯುತ್ತಾರೆ, ಅಲ್ಲಿ ಅದೇ ಚೆಂದ. ಇಂಗ್ಲಿಷ್ ಮೇಲ್‌ನಲ್ಲಿ ಅದನ್ನು ಮೂರು ತುಂಡು ಮಾಡಿಸು. ಎಲ್ಲರೆದುರು ಮಾತ್ರ ಕೆಂಪು ಗೆರೆ ಎಳೆಯಬೇಡ. ಅವರಲ್ಲಿ ಕೆಲವರು ಊರಲ್ಲಿ ಎಂಜಿನಿಯರ್ ಆಗಿದ್ದವರು.

ಪಬ್ಲಿಕ್ ಲೈಬ್ರರಿಗಳಲ್ಲಿ ದೊಡ್ಡವರಿಗೆ ಪುಕ್ಕಟೆ ಇಂಗ್ಲಿಷ್ ತರಗತಿ ಇರುತ್ತವೆ, ನಿಮ್ಮ ಹತ್ತಿರದ್ದರಲ್ಲಿ ವಿಚಾರಿಸು. ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ರೈಟಿಂಗ್ ಲ್ಯಾಬ್ ಕೂಡ ಪುಕ್ಕಟೆ, ಆಫೀಸ್ ಪತ್ರಗಳಿಗೆ ನಾನೂ ಅದನ್ನೇ ನೋಡುವುದು.

ಅರ್ಥವಾಗದ ಮೇಲ್ ಬಂದರೆ ಕಳಿಸು. ಕಂಪನಿ, ಗಿರಾಕಿ ಹೆಸರು ತೆಗೆದು ಕಳಿಸು ಮಾರಾಯ.